ಗಾಲಿಯ ಮೇಲಿನ ಮನೆಗೆ ವಿಮೆ ಎಷ್ಟು ಆಸರೆ?

ಮುತ್ತತ್ತಿರಾಯನಿಗೆ ಹರಕೆ ಇದೆಯೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಮನೆಗಳಲ್ಲಿ ಹಿಂದಿನ ರಾತ್ರಿಯೇ ಗಡಿಬಿಡಿ. ವಾರವಿಡೀ ಕಾರ್ಖಾನೆಗೆ ಕಬ್ಬು ಹೊತ್ತ ಟ್ರೇಲರನ್ನು ಗುಡಿಸಿ, ಒಣಹುಲ್ಲು ಹರಡಿ, ಮೇಲೆ ಜಮಖಾನ ಹಾಸುತ್ತಾರೆ. ಬಿಸಿಲು ತಾಗದಂತೆ ಟಾರ್ಪಾಲು ಕಟ್ಟುತ್ತಾರೆ. ಅಕ್ಕಿ ಮೂಟೆ, ಪಾತ್ರೆ, ಸೌದೆ, ಗ್ಯಾಸ್ ಒಲೆ, ನೀರಿನ ಕ್ಯಾನು ಎಲ್ಲವೂ ಏರುತ್ತವೆ. ಅವುಗಳ ನಡುವೆ ಅಜ್ಜಿಯರು, ಹೆಂಗಸರು, ಮಕ್ಕಳು. ಬೆಳಗಿನ ಜಾವ ಹೊರಟ ಟ್ರ್ಯಾಕ್ಟರು ಹಲಗೂರು ದಾಟಿ ಕಾಡಿನ ಇಳಿಜಾರಿನ ತಿರುವುಗಳಲ್ಲಿ ಇಳಿಯುತ್ತದೆ. ಹಿಂದೆ ಕಮಾನುಗಾಡಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿದ್ದ ಪದ್ಧತಿಯ ಮುಂದುವರಿಕೆ ಇದು.

ಊಟ, ನಿದ್ದೆ, ಪ್ರಯಾಣ ಮೂರನ್ನೂ ಒಂದೇ ವಾಹನದಲ್ಲಿ ಮುಗಿಸುವ ಈ ಏರ್ಪಾಡನ್ನು ಗಾಲಿಯ ಮೇಲಿನ ಮನೆ ಎನ್ನಬಹುದು. ವಿದೇಶಗಳಲ್ಲಿ ಇದೇ ಉದ್ದೇಶಕ್ಕೆಂದು ತಯಾರಾದ ವಾಹನಕ್ಕೆ ಮೋಟಾರ್‌ಹೋಮ್ ಎಂದು ಹೆಸರು. ಅದರಲ್ಲಿ ಮಂಚ, ಒಲೆ, ಫ್ರಿಜ್, ಶೌಚಾಲಯ ಎಲ್ಲ ಇರುತ್ತವೆ. ನಮ್ಮ ದೇಶದ ಮೋಟಾರು ವಾಹನ ನಿಯಮಗಳು ಅಂಥದನ್ನು ಕ್ಯಾಂಪರ್ ವ್ಯಾನ್ ಎಂದು ಕರೆಯುತ್ತವೆ. ಕೇಂದ್ರ ಸರ್ಕಾರ 2004ರಲ್ಲಿ ಪ್ರಕಟಿಸಿದ ವಾಹನಗಳ ವರ್ಗೀಕರಣದಲ್ಲಿ ಒಂದು ಸ್ವಾರಸ್ಯವಿದೆ. ಸಾರಿಗೇತರ ವಾಹನಗಳ ಒಂದೇ ಪಟ್ಟಿಯಲ್ಲಿ ಕೃಷಿ ಟ್ರ್ಯಾಕ್ಟರೂ ಇದೆ, ಸ್ವಂತ ಬಳಕೆಯ ಕ್ಯಾಂಪರ್ ವ್ಯಾನೂ ಇದೆ. ಪಟ್ಟಿ ಒಂದೇ ಆದರೂ ವಿಮೆಯ ಕಣ್ಣಿನಲ್ಲಿ ಇವೆರಡೂ ಬೇರೆ ಬೇರೆ.

"ಇನ್ಶೂರೆನ್ಸ್ ಕಟ್ಟಿದೀವಲ್ಲ, ಬುಡಿ" ಎಂಬ ಮಾತು ಊರುಗಳಲ್ಲಿ ಸಾಮಾನ್ಯ. ಯಾವುದಕ್ಕೆ ಕಟ್ಟಿದ್ದೇವೆ, ಯಾರಿಗೆ ಕಟ್ಟಿದ್ದೇವೆ ಎಂದು ಕೇಳುವವರು ಕಡಿಮೆ. ಅಪಘಾತವಾದ ಮೇಲೆ ಕೇಳುವ ಮೊದಲ ಪ್ರಶ್ನೆಯೇ ಅದು.

ನಾಣ್ಯ ಹೇಳುವ ಪಾಠ

ವಿಮೆಯ ಹಿಂದೆ ಇರುವುದು ಶಾಲೆಯಲ್ಲಿ ಕಲಿಸುವ ಸಂಭವನೀಯತೆಯ ಗಣಿತ. ಒಂದು ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಏಳು ಸಲ ತಲೆ ಬಿದ್ದರೂ ಆಶ್ಚರ್ಯವಿಲ್ಲ. ಸಾವಿರ ಸಲ ಚಿಮ್ಮಿದರೆ ತಲೆಯ ಸಂಖ್ಯೆ ಐನೂರರ ಆಸುಪಾಸಿಗೇ ಬರುತ್ತದೆ. ಒಂದು ಚಿಮ್ಮುವಿಕೆಯ ಫಲ ಯಾರಿಗೂ ಗೊತ್ತಿಲ್ಲ. ಸಾವಿರದ ಒಟ್ಟು ಫಲವನ್ನು ಬಹುಮಟ್ಟಿಗೆ ಹೇಳಬಹುದು.

ವಾಹನಗಳದೂ ಹೀಗೆಯೇ. ಸಾವಿರ ಮಂದಿ ಮಾಲೀಕರಿದ್ದಾರೆ, ವರ್ಷಕ್ಕೆ ಐವರಿಗೆ ತಲಾ 4 ಲಕ್ಷ ರೂಪಾಯಿ ನಷ್ಟವಾಗುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು ನಷ್ಟ 20 ಲಕ್ಷ. ಎಲ್ಲರೂ ತಲಾ 2,000 ರೂಪಾಯಿ ಹಾಕಿದರೆ ಆ ಐವರ ನಷ್ಟ ತುಂಬುತ್ತದೆ. ಕಚೇರಿ ಖರ್ಚು ಸೇರಿ ಸ್ವಲ್ಪ ಹೆಚ್ಚು ಬೇಕಾಗಬಹುದು. ಈ ವಂತಿಗೆಯೇ ಪ್ರೀಮಿಯಂ.

ಆದರೆ ಲೆಕ್ಕ ಸರಿಹೋಗಬೇಕಾದರೆ ಆ ಸಾವಿರ ವಾಹನಗಳೂ ಹೇಳಿದ ಕೆಲಸವನ್ನೇ ಮಾಡುತ್ತಿರಬೇಕು. ಹೊಲ ಉಳುವ ಟ್ರ್ಯಾಕ್ಟರಿನ ಅಪಾಯ ಒಂದು ಬಗೆ, ಮೂವತ್ತು ಜನರನ್ನು ಹೊತ್ತು ಘಾಟಿ ಇಳಿಯುವ ಟ್ರ್ಯಾಕ್ಟರಿನ ಅಪಾಯ ಇನ್ನೊಂದು ಬಗೆ. ಮೊದಲನೆಯದಕ್ಕೆ ಹಣ ಕಟ್ಟಿ ಎರಡನೆಯದಕ್ಕೆ ಪರಿಹಾರ ಕೇಳಿದರೆ ಕಂಪನಿ ಒಪ್ಪುವುದಿಲ್ಲ. ಅದಕ್ಕಾಗಿಯೇ ಪ್ರತಿ ಪಾಲಿಸಿಯಲ್ಲೂ "ಬಳಕೆಯ ಮಿತಿ" ಎಂಬ ಒಂದು ಸಾಲು ಇರುತ್ತದೆ. ಇಡೀ ಕಾಗದದಲ್ಲಿ ಅತ್ಯಂತ ಮುಖ್ಯವಾದದ್ದೂ, ಜನ ಓದದೆ ಬಿಡುವುದೂ ಆ ಸಾಲನ್ನೇ.

ಪಾಲಿಸಿಯ ಮೂರು ಭಾಗ

ಮೋಟಾರು ವಿಮೆಯಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಮೊದಲನೆಯದು ಥರ್ಡ್ ಪಾರ್ಟಿ ವಿಮೆ. ನಮ್ಮ ವಾಹನದಿಂದ ದಾರಿಹೋಕರಿಗೆ, ಬೇರೆ ವಾಹನದವರಿಗೆ ಆದ ಹಾನಿಗೆ ಇದು ಪರಿಹಾರ ಕೊಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಇದು ಕಡ್ಡಾಯ. ಇಲ್ಲದೆ ರಸ್ತೆಗಿಳಿದರೆ 2019ರ ತಿದ್ದುಪಡಿಯಂತೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ. ಮೂರು ತಿಂಗಳವರೆಗೆ ಜೈಲು ಶಿಕ್ಷೆಯೂ ಆಗಬಹುದು.

ಎರಡನೆಯದು ಸ್ವಂತ ವಾಹನದ ಹಾನಿಗೆ ವಿಮೆ. ಇದು ಐಚ್ಛಿಕ. ಮೂರನೆಯದು ವಾಹನ ಓಡಿಸುವ ಮಾಲೀಕನ ವೈಯಕ್ತಿಕ ಅಪಘಾತ ವಿಮೆ. 2018ರಲ್ಲಿ ಇದರ ಮೊತ್ತವನ್ನು 15 ಲಕ್ಷ ರೂಪಾಯಿಗೆ ಏರಿಸಲಾಯಿತು. ಇದು ಸಿಗುವುದು ಆರ್.ಸಿ.ಯಲ್ಲಿ ಹೆಸರಿರುವ, ಲೈಸೆನ್ಸ್ ಇರುವ ಮಾಲೀಕನಿಗೆ ಮಾತ್ರ. ತಂದೆಯ ಹೆಸರಿನ ಟ್ರ್ಯಾಕ್ಟರನ್ನು ಮಗ ಓಡಿಸುವಾಗ ಈ 15 ಲಕ್ಷ ಮಗನಿಗೆ ಅನ್ವಯಿಸದು.

ಹಾಗಾದರೆ ಟ್ರೇಲರಿನಲ್ಲಿ ಜಮಖಾನದ ಮೇಲೆ ಕುಳಿತ ಅಜ್ಜಿ ಯಾವ ಭಾಗದಲ್ಲಿ ಸೇರುತ್ತಾರೆ? ಕಹಿ ಸತ್ಯವೆಂದರೆ, ಯಾವುದರಲ್ಲೂ ಇಲ್ಲ.

ನ್ಯಾಯಾಲಯ ಹೇಳಿದ್ದು

ಕಾಯ್ದೆಯ ವ್ಯಾಖ್ಯೆಯಂತೆ ಟ್ರ್ಯಾಕ್ಟರು ತಾನೇ ಭಾರ ಹೊರುವುದಕ್ಕೆಂದು ಕಟ್ಟಿದ ವಾಹನವಲ್ಲ. ಅದರಲ್ಲಿ ಇರುವುದು ಚಾಲಕನ ಸೀಟು. ಮಡ್‌ಗಾರ್ಡ್ ಮೇಲೆ ಕೂರುವವರು ವಿಮೆಯ ಲೆಕ್ಕದಲ್ಲಿ ಬರುವುದಿಲ್ಲ. ಟ್ರೇಲರು ಕೂಡ ಕಾಯ್ದೆಯ ದೃಷ್ಟಿಯಲ್ಲಿ ಒಂದು ಮೋಟಾರು ವಾಹನವೇ. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು, ಪಾಲಿಸಿಯಲ್ಲಿ ಅದರ ಹೆಸರಿಗೆ ಪ್ರತ್ಯೇಕ ಪ್ರೀಮಿಯಂ ಕಟ್ಟಿರಬೇಕು. ಎಂಜಿನ್ನಿಗೆ ವಿಮೆ ಮಾಡಿಸಿ ಟ್ರೇಲರನ್ನು ಮರೆಯುವವರು ಬಹಳ.

ಸರಕು ವಾಹನದಲ್ಲಿ ಪುಕ್ಕಟೆಯಾಗಿ ಹೋಗುವ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿತು. ಇದಕ್ಕೆ ಒಂದು ವಿನಾಯಿತಿ 1994ರ ತಿದ್ದುಪಡಿಯಲ್ಲಿದೆ. ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿ ಸರಕಿನ ಜೊತೆ ಹೋಗುತ್ತಿದ್ದರೆ ಅವನಿಗೆ ರಕ್ಷಣೆ ಇದೆ. ಅಂದರೆ ತನ್ನ ಬೆಲ್ಲದ ಜೊತೆ ಲಾರಿಯಲ್ಲಿ ಮಂಡ್ಯದ ಮಾರುಕಟ್ಟೆಗೆ ಹೊರಟ ರೈತ ಬೇರೆ, ಅದೇ ಲಾರಿಯಲ್ಲಿ ಮದುವೆಗೆ ಹೊರಟ ನೆಂಟ ಬೇರೆ.

2007ರಲ್ಲಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿದ್ದ ಕೂಲಿಕಾರನೊಬ್ಬನ ಪ್ರಕರಣವೂ ಸುಪ್ರೀಂ ಕೋರ್ಟಿಗೆ ಬಂತು. ಕೃಷಿ ಕೆಲಸಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರು, ವಿಮೆಯೇ ಇಲ್ಲದ ಟ್ರೇಲರು, ಮಾಡುತ್ತಿದ್ದದ್ದು ಮಣ್ಣು ಸಾಗಿಸುವ ಕೆಲಸ. ಕಂಪನಿ ಹೊಣೆಯಲ್ಲ ಎಂದೇ ತೀರ್ಪಾಯಿತು. ಆದರೆ ಕೂಲಿಕಾರನ ಬಡತನ ನೋಡಿ, ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಅದನ್ನು ಮಾಲೀಕನಿಂದ ವಸೂಲು ಮಾಡಲಿ ಎಂದು ನ್ಯಾಯಾಲಯ ಆದೇಶಿಸಿತು.

ಈ "ವಸೂಲು" ಎಂಬ ಮಾತನ್ನು ರೈತ ಕುಟುಂಬಗಳು ಗಮನವಿಟ್ಟು ಕೇಳಬೇಕು. ಮಂಡ್ಯ, ಮದ್ದೂರು, ಮಳವಳ್ಳಿಯ ನ್ಯಾಯಾಲಯಗಳಲ್ಲಿ ನಡೆಯುವ ಅಪಘಾತ ಪರಿಹಾರದ ಮೊಕದ್ದಮೆಗಳಲ್ಲಿ ಹೊಣೆ ಮಾಲೀಕನ ಮೇಲೆ ಬಿದ್ದರೆ ಅದು ಅವನ ಆಸ್ತಿಯ ಮೇಲೆ ಬಿತ್ತೆಂದೇ ಅರ್ಥ. ನಷ್ಟವಾಗುವುದು ಎರಡು ಮನೆಗೆ: ಟ್ರೇಲರಿನಲ್ಲಿ ಕುಳಿತಿದ್ದವರಿಗೆ ಪರಿಹಾರ ಕೈಸೇರುವ ಭರವಸೆ ಇಲ್ಲ, ನೆರೆಯವರಿಗೆ ಉಪಕಾರ ಮಾಡಲು ಹೋದ ಟ್ರ್ಯಾಕ್ಟರಿನವನಿಗೆ ಗದ್ದೆ ಉಳಿಯುವ ಭರವಸೆ ಇಲ್ಲ. ಬಳಕೆಯ ಮಿತಿ ಮೀರಿದ್ದರಿಂದ ಟ್ರ್ಯಾಕ್ಟರಿನ ರಿಪೇರಿ ಖರ್ಚೂ ಬಾರದೆ ಹೋಗಬಹುದು.

ಭೌತಶಾಸ್ತ್ರವೂ ಅದನ್ನೇ ಹೇಳುತ್ತದೆ

ಕಾನೂನು ಕಠಿಣವಾಗಿದೆ ಎನಿಸಿದರೆ ಟ್ರೇಲರಿನ ರಚನೆಯನ್ನು ನೋಡಬೇಕು. ಯಾವುದೇ ವಸ್ತುವಿನ ಗುರುತ್ವ ಕೇಂದ್ರದಿಂದ ಕೆಳಗೆ ಎಳೆದ ಲಂಬರೇಖೆ ಅದರ ಪಾದದೊಳಗೆ ಬೀಳುವವರೆಗೆ ಅದು ನಿಂತಿರುತ್ತದೆ. ಹೊರಗೆ ಬಿದ್ದರೆ ಉರುಳುತ್ತದೆ. ಜನ ನಿಂತಾಗ ಗುರುತ್ವ ಕೇಂದ್ರ ಮೇಲೇರುತ್ತದೆ. ನಾಲೆಯ ಏರಿಯ ಮೇಲೆ ಒಂದು ಗಾಲಿ ಗುಂಡಿಗಿಳಿದಾಗ ಎಲ್ಲರೂ ಒಂದೇ ಕಡೆ ವಾಲುತ್ತಾರೆ. ಕಬ್ಬಿನ ಹೊರೆಯನ್ನು ಹಗ್ಗದಿಂದ ಬಿಗಿಯುತ್ತಾರೆ, ಜನರನ್ನು ಬಿಗಿಯಲಾಗದು. ಅನೇಕ ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಇಳಿಜಾರಿನಲ್ಲಿ ಮುಂದಿನ ಟ್ರ್ಯಾಕ್ಟರು ನಿಧಾನವಾದರೂ ಜಡತ್ವದಿಂದ ಹಿಂದಿನ ಟ್ರೇಲರು ಅದನ್ನು ತಳ್ಳುತ್ತದೆ. ಮುತ್ತತ್ತಿಯ ದಾರಿಯ ತಿರುವುಗಳಲ್ಲಿ ಈ ತಳ್ಳಾಟ ಏನು ಮಾಡೀತು ಎಂಬುದನ್ನು ಊಹಿಸಬಹುದು.

ನಿಜವಾದ ಗಾಲಿಮನೆಗೆ

ಹಾಗಾದರೆ ಹಳೆಯ ವ್ಯಾನೊಂದನ್ನು ಕೊಂಡು, ಮಂಚ, ಒಲೆ ಕೂರಿಸಿ, ಕ್ಯಾಂಪರ್ ವ್ಯಾನ್ ಮಾಡಿಕೊಂಡರೆ ಆಗದೆ? ಆಗುತ್ತದೆ. ಆದರೆ ಮೊದಲ ಕೆಲಸ ಬಡಗಿಯ ಬಳಿ ಅಲ್ಲ, ಆರ್.ಟಿ.ಒ. ಕಚೇರಿಯಲ್ಲಿ. ಆರ್.ಸಿ.ಯಲ್ಲಿರುವ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಕೆಎ–11 ಫಲಕದ ವ್ಯಾನು ಆರ್.ಸಿ.ಯಲ್ಲಿ ಸರಕು ವಾಹನವಾಗಿಯೇ ಉಳಿದು ಒಳಗೆ ಮಾತ್ರ ಮನೆಯಾಗಿದ್ದರೆ, ವಿಮಾ ಕಂಪನಿಯ ಪಾಲಿಗೆ ಅದು ಸರಕು ವಾಹನವೇ.

ಎರಡನೆಯ ಮಾತು ಬೆಲೆಯದು. ಪಾಲಿಸಿಯಲ್ಲಿ ಐ.ಡಿ.ವಿ. ಎಂಬ ಒಂದು ಅಂಕಿ ಇರುತ್ತದೆ. ವಾಹನ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಹಣಕ್ಕೆ ಅದೇ ಆಧಾರ. ತಯಾರಕರ ಬೆಲೆಯಿಂದ ಸವಕಳಿ ಕಳೆದು ಅದನ್ನು ಕಂಡುಹಿಡಿಯುತ್ತಾರೆ: ಒಂದರಿಂದ ಎರಡು ವರ್ಷದ ವಾಹನಕ್ಕೆ ಶೇ 20, ಎರಡರಿಂದ ಮೂರಕ್ಕೆ ಶೇ 30, ಮೂರರಿಂದ ನಾಲ್ಕಕ್ಕೆ ಶೇ 40, ನಾಲ್ಕರಿಂದ ಐದಕ್ಕೆ ಶೇ 50. ಹನ್ನೆರಡು ಲಕ್ಷದ ವ್ಯಾನಿಗೆ ಮೂರೂವರೆ ವರ್ಷವಾಗಿದ್ದರೆ ಐ.ಡಿ.ವಿ. 7 ಲಕ್ಷ 20 ಸಾವಿರ. ಆ ಬಳಿಕ ಕೂರಿಸಿದ ಫ್ರಿಜ್, ಬ್ಯಾಟರಿ, ಸೌರ ಫಲಕ ಈ ಲೆಕ್ಕದಲ್ಲಿ ಇಲ್ಲ. ಅವುಗಳ ಬೆಲೆ ತಿಳಿಸಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ಬರೆಸಬೇಕು. ಒಳಗಿಟ್ಟ ಬಟ್ಟೆ, ಪಾತ್ರೆ, ಒಡವೆಗಳನ್ನು ಸಾಮಾನ್ಯ ಮೋಟಾರು ಪಾಲಿಸಿ ನೋಡಿಕೊಳ್ಳುವುದಿಲ್ಲ.

ಮೂರನೆಯದು ಮುಚ್ಚಿಡದಿರುವುದು. ವಿಮೆ ನಿಂತಿರುವುದೇ ಪರಸ್ಪರ ನಂಬಿಕೆಯ ಮೇಲೆ. ವ್ಯಾನಿನೊಳಗೆ ಗ್ಯಾಸ್ ಒಲೆ ಇದೆ, ಇಂತಿಷ್ಟು ಜನ ಮಲಗುತ್ತಾರೆ ಎಂಬುದನ್ನು ಬರಹದಲ್ಲೇ ತಿಳಿಸಬೇಕು. ಸ್ವಂತ ಬಳಕೆಯ ಪಾಲಿಸಿಯಿದ್ದು ವಾಹನವನ್ನು ಬಾಡಿಗೆಗೆ ಬಿಟ್ಟರೆ ಬಳಕೆಯ ಮಿತಿ ಮೀರಿದಂತೆ.

ನಾಲ್ಕನೆಯದು ತೂಕ. ಮಂಚ, ನೀರಿನ ಟ್ಯಾಂಕು ಸೇರಿದಂತೆ ಭಾರ ಏರುತ್ತದೆ. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಅದಕ್ಕಿಂತ ಭಾರದ ಸಾರಿಗೆ ವಾಹನಕ್ಕೆ ಆ ಲೈಸೆನ್ಸ್ ಸಾಲದು.

ಹುಡುಗರ ಕೈಗೆ ಸ್ಟಿಯರಿಂಗ್

ಹೈಸ್ಕೂಲಿನ ಹುಡುಗ ಟ್ರ್ಯಾಕ್ಟರ್ ಓಡಿಸಿದರೆ ಹೆಮ್ಮೆಪಡುವ ತಂದೆಯರು ಉಂಟು. 2019ರ ತಿದ್ದುಪಡಿಯಿಂದ ಸೇರಿದ 199ಎ ಸೆಕ್ಷನ್ ಇವರಿಗೆ ತಿಳಿದಿರಬೇಕು. ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಅಪರಾಧವಾದರೆ ಪೋಷಕ ಅಥವಾ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ವಾಹನದ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವಯಸ್ಸು ತುಂಬುವವರೆಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದವನ ಕೈಗೆ ವಾಹನ ಕೊಟ್ಟದ್ದರಿಂದ ವಿಮೆಯ ಹಣವೂ ಮಾಲೀಕನಿಂದಲೇ ವಸೂಲಾಗುವ ಸಂದರ್ಭ ಬರುತ್ತದೆ.

ಹಾಗಾದರೆ ಹರಕೆಗೆ ಹೋಗುವುದು ಹೇಗೆ?

ಪ್ರಯಾಣಿಕರನ್ನು ಸಾಗಿಸಲು ಪರವಾನಗಿ ಇರುವ ವಾಹನದಲ್ಲಿ ಹೋಗುವುದು. ಕೆ.ಎಸ್.ಆರ್.ಟಿ.ಸಿ. ಬಸ್ಸುಗಳು ಸಾಂದರ್ಭಿಕ ಒಪ್ಪಂದದ ಮೇಲೆ ಸಿಗುತ್ತವೆ. ಹತ್ತಾರು ಮನೆಯವರು ಹಂಚಿಕೊಂಡರೆ ಖರ್ಚು ದೊಡ್ಡದಲ್ಲ. ಮ್ಯಾಕ್ಸಿಕ್ಯಾಬ್ ಗೊತ್ತುಮಾಡಿದರೆ ಸೀಟುಗಳನ್ನು ಎಣಿಸಬೇಕು. ಅನುಮತಿ ಇದ್ದಷ್ಟು ಪ್ರಯಾಣಿಕರಿಗೆ ಮಾತ್ರ ವಿಮಾ ಕಂಪನಿ ಹೊಣೆ ಎಂದು 2007ರ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹನ್ನೆರಡು ಸೀಟಿನಲ್ಲಿ ಇಪ್ಪತ್ತು ಮಂದಿ ಕುಳಿತರೆ, ಹನ್ನೆರಡು ಪಾಲಿನ ಆಸರೆಯನ್ನೇ ಇಪ್ಪತ್ತು ಮಂದಿ ನಂಬಿಕೊಂಡಂತೆ.

ವಾಹನಕ್ಕಲ್ಲದೆ ಮನುಷ್ಯನಿಗೇ ಅಂಟಿಕೊಂಡ ವಿಮೆಯೂ ಇದೆ. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದವರು ಬ್ಯಾಂಕ್ ಖಾತೆಯ ಮೂಲಕ ಸೇರಬಹುದು. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಮರಣವಾದರೆ ಮನೆಯವರಿಗೆ 2 ಲಕ್ಷ.

ಉಳಿದದ್ದು ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ. ಬೀರುವಿನಲ್ಲಿರುವ ಪಾಲಿಸಿ ಮತ್ತು ಆರ್.ಸಿ.ಯನ್ನು ಮಕ್ಕಳು ತೆಗೆದು ತಂದೆತಾಯಿಯರ ಮುಂದೆ ಗಟ್ಟಿಯಾಗಿ ಓದಲಿ. ಪಾಲಿಸಿ ಮುಗಿಯುವ ದಿನ ಯಾವುದು? ಟ್ರೇಲರಿನ ಹೆಸರು ಇದೆಯೆ? ಸೀಟು ಎಷ್ಟು? ಓಡಿಸುವವರ ಲೈಸೆನ್ಸ್ ಆ ವರ್ಗದ್ದೇ? ಬಳಕೆಯ ಮಿತಿ ಎಂಬಲ್ಲಿ ಏನು ಬರೆದಿದೆ? ಈ ಐದು ಪ್ರಶ್ನೆಗೆ ಹತ್ತು ನಿಮಿಷ ಸಾಕು. ಯಾವುದಾದರೂ ಒಂದಕ್ಕೆ ಉತ್ತರ ಸಿಗದಿದ್ದರೆ ಪಾಲಿಸಿ ಕೊಟ್ಟ ಕಚೇರಿಗೆ ಹೋಗಿ ಕೇಳಬೇಕು, ಮುತ್ತತ್ತಿಗೆ ಟಾರ್ಪಾಲು ಕಟ್ಟುವ ಮುಂಚೆಯೇ.