ಚಿನ್ನಕ್ಕೆ ಮೊದಲು ಹಲಗೆ

ಕ್ಯಾಲಿಫೋರ್ನಿಯಾದ ಚರಿತ್ರೆಯನ್ನೇ ತಿರುಗಿಸಿದ ಸಟರ್ ಸಾಮಿಲ್ಲು ಮರ ಕೊಯ್ದದ್ದು ಹೇಗೆ?

1847ರ ಹೊತ್ತಿಗೆ ಜಾನ್ ಸಟರ್ ಬಳಿ ಎಲ್ಲವೂ ಇತ್ತು, ಹಲಗೆಯೊಂದನ್ನು ಬಿಟ್ಟು. ಸಾಲ ಕೊಟ್ಟವರ ಕಣ್ಣು ತಪ್ಪಿಸಿ ಸ್ವಿಟ್ಜರ್ಲೆಂಡಿನಿಂದ ಓಡಿಬಂದವನು ಸ್ಯಾಕ್ರಮೆಂಟೊ ಬಯಲಿನಲ್ಲಿ ಕೋಟೆ ಕಟ್ಟಿದ್ದ, ಗೋಧಿ ಬೆಳೆಯುತ್ತಿದ್ದ, ದನಕರು ಸಾಕಿದ್ದ. ಹೊಸ ಸಾಲಗಳೂ ಬೆಳೆದಿದ್ದವು. ವಲಸಿಗರು ಬರತೊಡಗಿದ್ದ ಆ ಸೀಮೆಯಲ್ಲಿ ಮನೆ, ಬಂಡಿ, ದೋಣಿ ಯಾವುದಕ್ಕೂ ಹಲಗೆ ಬೇಕು. ಅದನ್ನು ಕೈಯಲ್ಲಿ ಕೊಯ್ಯಬೇಕಾದರೆ ದಿಮ್ಮಿಯ ಮೇಲೊಬ್ಬ, ಕೆಳಗಿನ ಗುಂಡಿಯಲ್ಲೊಬ್ಬ ನಿಂತು ಉದ್ದನೆಯ ಗರಗಸವನ್ನು ದಿನವಿಡೀ ಎಳೆಯಬೇಕು. ಕೆಳಗಿನವನ ಕಣ್ಣು, ಮೂಗು, ಬಾಯಿಗೆಲ್ಲ ಮರದ ಹುಡಿ.

ಈ ಇಬ್ಬರ ಕೆಲಸವನ್ನು ಹೊಳೆಗೆ ವಹಿಸುವುದೇ ಜಲಚಾಲಿತ ಸಾಮಿಲ್ಲು. ಸಟರ್ ನ್ಯೂಜೆರ್ಸಿಯ ಬಡಗಿ ಜೇಮ್ಸ್ ಮಾರ್ಷಲ್ ಜೊತೆ ಪಾಲುದಾರಿಕೆಯ ಕರಾರು ಮಾಡಿಕೊಂಡ. ಅಮೆರಿಕನ್ ನದಿಯ ದಕ್ಷಿಣ ಕವಲಿನ ಕೊಲೋಮಾ ಕಣಿವೆಯನ್ನು ಮಾರ್ಷಲ್ ಆರಿಸಿದ. ಪೈನ್ ಮರಗಳು ಅಲ್ಲಿದ್ದವು, ಹರಿವಿನ ಸೆಳೆತವೂ ಇತ್ತು. ಕೆಲಸಕ್ಕೆ ಬಂದವರು ಸೈನ್ಯದಿಂದ ಬಿಡುಗಡೆಯಾಗಿದ್ದ ಮಾರ್ಮನ್ ಪಂಥದ ಯುವಕರು ಮತ್ತು ಆ ನೆಲದ ಮೂಲದವರಾದ ನಿಸೆನಾನ್ ಜನ.

ಇಂಥ ಗಿರಣಿಯ ಯಂತ್ರ ನೋಡುವುದಕ್ಕೆ ಒರಟು, ಆದರೆ ಭಾರೀ ಜಾಣತನದ್ದು. ಒಡ್ಡು ಕಟ್ಟಿ ತಿರುಗಿಸಿದ ನೀರು ಕಾಲುವೆಯಲ್ಲಿ ಬಂದು ಗಿಡ್ಡನೆಯ ಅಗಲ ಚಕ್ರಕ್ಕೆ ಬಡಿಯುತ್ತದೆ. ನೀರು ದಂಡಿಯಾಗಿ ಪೋಲಾದರೂ ಚಕ್ರ ವೇಗವಾಗಿ ಸುತ್ತುವುದರಿಂದ ಹಲ್ಲುಗಾಲಿಗಳ ಗೊಡವೆಯಿಲ್ಲ. ಅಚ್ಚಿನ ತುದಿಯ ಕ್ರ್ಯಾಂಕು ಸುತ್ತಾಟವನ್ನು ಏರಿಳಿತವಾಗಿ ಮಾಡುತ್ತದೆ, ಮರದ ಚೌಕಟ್ಟಿನಲ್ಲಿ ಬಿಗಿದ ಗರಗಸ ಮೇಲೆ ಕೆಳಗೆ ಆಡುತ್ತದೆ. ಕೊಯ್ಯುವುದು ಇಳಿಯುವಾಗ ಮಾತ್ರ. ಪ್ರತಿ ಏಟಿಗೂ ದಿಮ್ಮಿ ಹೊತ್ತ ಬಂಡಿ ಒಂದಿಷ್ಟೇ ಮುಂದೆ ಸರಿಯುತ್ತದೆ. ಹೀಗೆ ಕೊಯ್ದ ಹಲಗೆಯ ಮೇಲೆ ನೇರ, ಸಮಾನಾಂತರ ಗೆರೆಗಳು ಉಳಿಯುತ್ತವೆ. ದುಂಡು ಗರಗಸವಾದರೆ ಬಿಲ್ಲಿನಂತೆ ಬಾಗಿದ ಗೆರೆ ಬಿಡುತ್ತದೆ. ಅಮೆರಿಕದ ಹಳೆಯ ಮನೆಗಳ ಕಾಲ ಅಂದಾಜು ಮಾಡುವವರು ಇಂದಿಗೂ ಮೊದಲು ಇದನ್ನೇ ನೋಡುವುದು.

ನೀರು ಬರುವ ದಾರಿಯಷ್ಟೇ ಮುಖ್ಯ ಅದು ಹೋಗುವ ದಾರಿ. ಬಳಸಿದ ನೀರು ಸರಾಗವಾಗಿ ಹೊರಹೋಗದಿದ್ದರೆ ಚಕ್ರ ಅದರಲ್ಲೇ ಮುಳುಗಿ ಏದುಸಿರು ಬಿಡುತ್ತದೆ. ಕೊಲೋಮಾದಲ್ಲಿ ಆದದ್ದೂ ಇದೇ: ಹೊರಗಾಲುವೆಯ ಆಳ ಸಾಲಲಿಲ್ಲ. ಹಗಲು ಅಗೆದು ಸಡಿಲಿಸಿದ ಮಣ್ಣನ್ನು ರಾತ್ರಿ ನೀರು ಬಿಟ್ಟು ತೊಳೆಸತೊಡಗಿದರು. 1848ರ ಜನವರಿ 24ರ ಬೆಳಿಗ್ಗೆ ಮಾರ್ಷಲ್ ಆ ಕಾಲುವೆ ನೋಡಲು ಹೋದಾಗ ತಳದಲ್ಲಿ ಹಳದಿ ಚೂರುಗಳು ಮಿನುಗಿದವು. ಕಲ್ಲಿನ ಮೇಲಿಟ್ಟು ಜಜ್ಜಿದ, ಒಡೆಯಲಿಲ್ಲ, ಚಪ್ಪಟೆಯಾಯಿತು. ಕೆಲಸಗಾರರ ಅಡುಗೆ ನೋಡಿಕೊಳ್ಳುತ್ತಿದ್ದ ಜೆನ್ನಿ ವಿಮ್ಮರ್ ಸಾಬೂನು ಬೇಯಿಸುವ ಕ್ಷಾರದ ಕಡಾಯಿಗೆ ಒಂದು ಚೂರನ್ನು ಹಾಕಿ ಪರೀಕ್ಷಿಸಿದರೆಂದೂ ಹೇಳುತ್ತಾರೆ. ದಿನಾಂಕ ನಮಗೆ ಗೊತ್ತಿರುವುದು ಹೆನ್ರಿ ಬಿಗ್ಲರ್ ಎಂಬ ಕೆಲಸಗಾರ ಬರೆದಿಟ್ಟ ದಿನಚರಿಯಿಂದ. ಕಾಲುವೆಯ ಅಳತೆ ಮೊದಲೇ ಸರಿಯಾಗಿದ್ದಿದ್ದರೆ ಚಿನ್ನ ಇನ್ನೆಲ್ಲೋ, ಇನ್ಯಾರಿಗೋ ಸಿಗುತ್ತಿತ್ತು.

ಸುದ್ದಿ ಕೇಳಿದ ಸಟರ್‌ಗೆ ಖುಷಿಗಿಂತ ಗಾಬರಿಯೇ ಹೆಚ್ಚು. ಕಣಿವೆಯನ್ನು ನಿಸೆನಾನರಿಂದ ಗುತ್ತಿಗೆಗೆ ಬರೆಸಿಕೊಂಡು ಅಮೆರಿಕದ ಸೇನಾ ಗವರ್ನರ್ ಮೇಸನ್‌ಗೆ ಕಳಿಸಿದ. ಮೂಲನಿವಾಸಿಗಳಿಗೆ ನೆಲವನ್ನು ಗುತ್ತಿಗೆ ಕೊಡುವ ಹಕ್ಕಿಲ್ಲ ಎಂದು ಮೇಸನ್ ಅದನ್ನು ತಳ್ಳಿಹಾಕಿದ. ಅವರ ಹಕ್ಕಿನ ಮಾತು ಅಲ್ಲಿಗೇ ಮುಗಿಯಿತು. ಮುಂದಿನ ವರ್ಷಗಳಲ್ಲಿ ರೋಗವೂ ಹಿಂಸೆಯೂ ಸೇರಿ ಅವರನ್ನು ಅವರದೇ ಕಣಿವೆಗಳಿಂದ ಅಳಿಸತೊಡಗಿದವು.

ಗಿರಣಿಯನ್ನು ಅರ್ಧಕ್ಕೆ ಬಿಡಲಿಲ್ಲ ಎಂಬುದು ನನಗೆ ಈ ಕಥೆಯಲ್ಲಿ ಬಹಳ ಹಿಡಿಸುವ ಸಂಗತಿ. ಚಿನ್ನ ಕಂಡ ಮೇಲೂ ಆ ಯುವಕರು ಒಪ್ಪಿದ ಕೆಲಸ ಮುಗಿಸಿದರು, ಬಿಡುವಿನಲ್ಲಷ್ಟೇ ಚಿನ್ನ ಹೆಕ್ಕಿದರು. ಮಾರ್ಚ್‌ನಲ್ಲಿ ಗರಗಸ ಆಡಿತು. ಚಿನ್ನದ ಬೇಟೆಗೆ ಜನ ನುಗ್ಗಿದ ಮೇಲಂತೂ ಹಲಗೆಗೆ ಎಲ್ಲಿಲ್ಲದ ಬೇಡಿಕೆ. ಆದರೂ ಗಿರಣಿ ಬಹಳ ಕಾಲ ನಡೆಯಲಿಲ್ಲ. 1850ರ ದಶಕದಲ್ಲಿ ಅದರ ತೊಲೆಗಳನ್ನೂ ಜನ ಕಿತ್ತೊಯ್ದರು. ಸಟರ್ ಕಟ್ಟಿಸುತ್ತಿದ್ದ ಹಿಟ್ಟಿನ ಗಿರಣಿ ಆಳುಗಳಿಲ್ಲದೆ ಪೂರ್ತಿಯಾಗಲೇ ಇಲ್ಲ. ಚಿನ್ನ ಅವನನ್ನು ಶ್ರೀಮಂತನನ್ನಾಗಿ ಮಾಡಲಿಲ್ಲ, ಮಾರ್ಷಲ್‌ನನ್ನೂ ಮಾಡಲಿಲ್ಲ. ಮಾರ್ಷಲ್ ಕೆಲಕಾಲ ಸರ್ಕಾರದ ಪಿಂಚಣಿಯಲ್ಲಿದ್ದ. ಅದು ನಿಂತ ಮೇಲೆ ಕೊಲೋಮಾದ ಹತ್ತಿರದ ಕೆಲ್ಸಿಯಲ್ಲಿ ಕಮ್ಮಾರಿಕೆ ಮಾಡಿಕೊಂಡು, ತನ್ನ ಹಸ್ತಾಕ್ಷರದ ಕಾರ್ಡುಗಳನ್ನು ಮಾರಿಕೊಂಡು 1885ರಲ್ಲಿ ತೀರಿಕೊಂಡ.