ನಿಮಗಿದು ಗೊತ್ತೆ? ನುಂಗಿದ ಪೇಸ್ಟಿಗಿಂತ ಕುಡಿದ ನೀರೇ ಜೋರು!

ಮಗು ಅಕ್ಕಿಕಾಳಿನಷ್ಟು ಟೂತ್‌ಪೇಸ್ಟನ್ನು ಉಗುಳದೆ ನುಂಗಿಯೇಬಿಟ್ಟಿತು ಅನ್ನಿ. ಹೊಟ್ಟೆಗಿಳಿಯುವ ಫ್ಲೋರೈಡ್ ಸುಮಾರು 0.1 ಮಿಲಿಗ್ರಾಂ. ಅದೇ ಮಗು ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಇರುವ ಬೋರ್‌ವೆಲ್ ನೀರು ಒಂದು ಲೀಟರ್ ಕುಡಿದರೆ? ಹದಿನೈದು ಪಟ್ಟು!

1.5 ಎಂಬುದು ಕುಡಿಯುವ ನೀರಿಗೆ ಬೇರೆ ದಾರಿಯೇ ಇಲ್ಲದಾಗ ಒಪ್ಪುವ ಮಿತಿ. ಯಾದಗಿರಿ ಜಿಲ್ಲೆಯ ಕೆಲವು ಕಡೆ ಅಂತರ್ಜಲ ಅದನ್ನೂ ದಾಟುತ್ತದೆ. ಹೀಗಾಗಿ ಅದೇ ಜಿಲ್ಲೆಯ ಹುಣಸಗಿ ಸೀಮೆಯಲ್ಲಿ ಹೊಳೆ ನೀರಿನ ಮನೆಗೂ ಬೋರ್ ನೀರಿನ ಮನೆಗೂ ಲೆಕ್ಕ ಬೇರೆಯಾಗಬಹುದು. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಫ್ಲೋರೈಡ್ ಅತಿಯಾದರೆ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿ ಗೆರೆ, ಆಮೇಲೆ ಕಂದು ಕಲೆ. ಉಜ್ಜಿದರೆ ಹೋಗದು.

ಹಾಗಂತ ಪೇಸ್ಟ್ ಬಿಡಬೇಕಿಲ್ಲ. ಹುಳುಕು ತಡೆಯುವುದೂ ಅದೇ ಫ್ಲೋರೈಡ್, ಹಲ್ಲಿನ ಮೈಗೆ ತಗುಲಿ. ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಮತ್ತು ಮೇಲ್ಪಟ್ಟ ಪೇಸ್ಟಿನ ಫಲಕ್ಕೆ ಗಟ್ಟಿ ಪುರಾವೆ ಇದೆ. ಕಾರ್ಟೂನ್ ಚಿತ್ರದ ಮಕ್ಕಳ ಪೇಸ್ಟ್ ಹಲವು 500ರ ಆಸುಪಾಸಿನವು. ಅವುಗಳ ಪುರಾವೆ ಅಷ್ಟು ಗಟ್ಟಿಯಲ್ಲ. ಫ್ಲೋರೈಡೇ ಇಲ್ಲದ ಗಿಡಮೂಲಿಕೆ ಪೇಸ್ಟ್ ಬಾಯಿಗೆ ಘಮಘಮ, ಹುಳುಕಿಗೆ ಮಾತ್ರ ನೆಚ್ಚುವಂತಿಲ್ಲ.

ಭಾರತದಲ್ಲಿ ಪೇಸ್ಟಿನ ಫ್ಲೋರೈಡಿಗೆ 1000 ಪಿಪಿಎಂ ಗರಿಷ್ಠ ಮಿತಿ. ಅಂಕಿ ಟ್ಯೂಬಿನ ಮೇಲೆಯೇ ಇರಬೇಕು. ಸಣ್ಣಕ್ಷರ, ಕನ್ನಡಕ ಹಾಕಿಕೊಂಡೇ ಓದಿ. ಮಕ್ಕಳಿಗೆ ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು, ಆರರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಶ್ಶಿನುದ್ದಕ್ಕೂ ಅಲೆಯಂತೆ ಹಿಂಡುತ್ತಾರಲ್ಲ, ಅದು ಟ್ಯೂಬ್ ಬೇಗ ಖಾಲಿಯಾಗಲಿ ಅಂತ ಇರಬೇಕು! ಬೋರ್ ನೀರೇ ಗತಿಯಾದ ಊರಿನವರು ಮೊದಲು ನೀರು ಪರೀಕ್ಷೆ ಮಾಡಿಸಿ, ಪೇಸ್ಟ್ ಯಾವುದೆಂದು ದಂತವೈದ್ಯರನ್ನು ಕೇಳುವುದು ಲೇಸು.