ಆತ್ಮಕಥೆಯಿಂದ ಪರದೆಗೆ: ಮನ್ಸೂರರ ಹುಡುಗತನ

ಸಂಗೀತಗಾರನ ಆತ್ಮಕಥೆಯಲ್ಲಿ ಸಿನಿಮಾಕ್ಕೆ ಒದಗುವುದು ಬಹುಮಟ್ಟಿಗೆ ಹೆಸರು ಬರುವ ಮುಂಚಿನ ಭಾಗ. ಪಂಕ್ ಗಿಟಾರ್ ವಾದಕ ಸ್ಟೀವ್ ಜೋನ್ಸ್ ಬರೆದ 'ಲೋನ್ಲಿ ಬಾಯ್' 2022ರಲ್ಲಿ ಡ್ಯಾನಿ ಬಾಯ್ಲ್ ನಿರ್ದೇಶನದ 'ಪಿಸ್ಟಲ್' ಸರಣಿಯಾಯಿತು. ಹಾಡುಗಳ ಬಳಕೆಗೆ ಅದೇ ತಂಡದ ಗಾಯಕ ಜಾನ್ ಲೈಡನ್ ಒಪ್ಪದೆ, ವಿಷಯ ಕೋರ್ಟಿಗೂ ಹೋಯಿತು.

ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಆತ್ಮಕಥೆ 'ನನ್ನ ರಸಯಾತ್ರೆ'. 1910ರಲ್ಲಿ ಧಾರವಾಡದ ಬಳಿಯ ಮನ್ಸೂರಿನಲ್ಲಿ ಹುಟ್ಟಿದ ಹುಡುಗ ಎಳವೆಯಲ್ಲೇ ಬಣ್ಣ ಹಚ್ಚಿ ನಾಟಕದ ರಂಗ ಹತ್ತಿದ. ಮೊದಲ ಗುರು ಅಪ್ಪಯ್ಯಸ್ವಾಮಿ, ಅನಂತರ ಮಿರಜಿನ ನೀಲಕಂಠಬುವಾ. ಆಮೇಲೆ ಮಂಜಿಖಾನರು ಸಿಕ್ಕರು. 1937ರಲ್ಲಿ ಅವರು ತೀರಿಕೊಂಡಾಗ ಕಲಿಕೆ ಅರ್ಧಕ್ಕೇ ನಿಂತು, ಅವರ ತಮ್ಮ ಭುರ್ಜಿಖಾನರ ಬಳಿ ಮುಂದುವರಿಯಿತು. ಚಿತ್ರಕಥೆಗೆ ಇದಕ್ಕಿಂತ ಗಟ್ಟಿ ತಿರುವು ಬೇಕಿಲ್ಲ.

ಮನ್ಸೂರರ ಕುರಿತ ನಂದನ್ ಕುಧ್ಯಾಡಿ ಅವರ 'ರಸಯಾತ್ರಾ' ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ, ಆದರೆ ಸಾಕ್ಷ್ಯಚಿತ್ರ. ಕಥಾಚಿತ್ರದಲ್ಲಿ ಬಾಲಕನ ದನಿ, ಒಡೆಯುವ ದನಿ, ಪಳಗಿದ ದನಿ ಮೂರೂ ಬೇಕು. ಕಷ್ಟವಿರುವುದು ಅಲ್ಲೇ, ಗಡ್ಡ ಅಂಟಿಸಿದರೆ ವಯಸ್ಸು ಬಂದೀತು, ತಾನ್ ಬಾರದು.

ದೃಶ್ಯಗಳಿಗಂತೂ ಬರವಿಲ್ಲ. ಧಾರವಾಡದಿಂದ ಮಿರಜಿಗೆ ಹೋಗುವ ರೈಲುಹಾದಿ ಲೋಂಡಾದ ಕಾಡು ದಾಟಿ, ಖಾನಾಪುರ, ಬೆಳಗಾವಿ ಹಾಯ್ದೇ ಸಾಗುತ್ತದೆ.